ಸಾಯದ ಸುಣ್ಣ

ಆ ಮಳೆಗಾಲದ ಬಗ್ಗೆ ನಾನು ಹೇಳುವುದರಲ್ಲಿ ನಡೆದದ್ದೆಷ್ಟು, ಆಮೇಲೆ ನಾನೇ ಕಟ್ಟಿದ್ದೆಷ್ಟು ಎಂದು ಖಂಡಿತವಾಗಿ ಹೇಳಲಾರೆ. ಇಸವಿ ಎರಡು ಸಾವಿರದ ಒಂದು ಎಂದು ಕೆಲವೊಮ್ಮೆ, ಎರಡು ಎಂದು ಕೆಲವೊಮ್ಮೆ ಹೇಳುತ್ತ ಬಂದಿದ್ದೇನೆ. ಭಾವನ ಕೋಳಿಗೂಡು ನೂರಡಿ ಉದ್ದ ಇತ್ತೆಂದು ನನ್ನ ತಲೆಯಲ್ಲಿತ್ತು. ಕಳೆದ ವರ್ಷ ಹೆಜ್ಜೆ ಹಾಕಿ ಅಳೆದರೆ ಅರುವತ್ತು ದಾಟಲಿಲ್ಲ. ಗೂಡಿನ ಹಿಂದಿನ ನಾಗಬನದಲ್ಲಿದ್ದದ್ದು ಸುರಗಿ ಮರ ಎಂದುಕೊಂಡಿದ್ದೆ. ಅದು ಹೊನ್ನೆ. ಇವೆಲ್ಲ ಹೇಗಿದ್ದರೂ ನಡೆಯುತ್ತದೆ, ಯಾರಿಗೂ ನಷ್ಟವಿಲ್ಲ. ಒಂದು ಸಂಗತಿ ಮಾತ್ರ ಹಾಗಲ್ಲ. ಆಸಾಡಿ ಅಮಾಸಿಯ, ಅಂದರೆ ಆಷಾಢದ ಅಮಾವಾಸ್ಯೆಯ ಸಂಜೆ, ಮರಿಗಳು ಬರುವ ಹಿಂದಿನ ದಿನ, ಆ ಗೂಡಿನ ನೆಲಕ್ಕೆ ಸುಣ್ಣ ಹಾಕಿದ್ದು ಯಾರು? ಗೂಡು ತೊಳೆಯಲು ಬರುತ್ತಿದ್ದ ಮುತ್ತಕ್ಕನೋ, ನಾನೋ? ಆ ಸುಣ್ಣದಿಂದ ಮುತ್ತಕ್ಕನ ಕೆಲಸ ಹೋಯಿತು.

ಈ ಪ್ರಶ್ನೆ ಹದಿನೈದು ವರ್ಷ ನನ್ನನ್ನು ಕಾಡಿದ್ದೇ ಇಲ್ಲ. ಉತ್ತರ ಗೊತ್ತಿದೆ ಎಂದೇ ಇದ್ದೆ. ಕಳೆದ ವರ್ಷ ಬೇಸಗೆ ರಜೆಯಲ್ಲಿ ಬ್ರಹ್ಮಾವರದ ಹತ್ತಿರದ ಅಕ್ಕನ ಮನೆಗೆ ಹೋದೆ. ಕೋಳಿಗೂಡು ಈಗ ಗೂಡಲ್ಲ. ಭಾವ ಅದನ್ನು ಶಾಮಿಯಾನದವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ, ಒಳಗೆ ಸೂರು ಮುಟ್ಟುವಷ್ಟು ಪ್ಲಾಸ್ಟಿಕ್ ಕುರ್ಚಿ. ಹೊರಗೆ ನಾಗಬನದ ಕಟ್ಟೆಗೆ ಬಳಿಯಲೆಂದು ಯಾರೋ ಚಿಪ್ಪಿನ ಸುಣ್ಣ ನೀರಿಗೆ ಹಾಕಿದ್ದರು. ಅದು ಕುದಿಯುವ ವಾಸನೆ, ಬಿಸಿ ಕಲ್ಲಿನ ಮೇಲೆ ಮೊದಲ ಮಳೆ ಬಿದ್ದ ಹಾಗೆ, ಆದರೆ ಗಂಟಲಿಗೆ ಚುಚ್ಚುವಂಥದ್ದು. ಅದು ಮೂಗಿಗೆ ತಾಗಿದ್ದೇ ಬಾಯೆಲ್ಲ ಕಹಿಯಾಯಿತು. ಹಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ ಕಷಾಯದ ಕಹಿ. ಯಾಕೆಂದು ತಿಳಿಯಲಿಲ್ಲ. ಬಾಗಿಲ ಪಕ್ಕದ ಗೋಡೆಯಲ್ಲಿ ತುಕ್ಕು ಹಿಡಿದ ಒಂದು ಮೊಳೆ ಕಂಡಿತು. ಆ ಮೊಳೆಯಲ್ಲಿ ಒಂದು ಸ್ಟೀಲಿನ ಬುತ್ತಿ ಡಬ್ಬಿ ನೇತಾಡುತ್ತಿದ್ದದ್ದು ನೆನಪಾಯಿತು. ಅದು ಮುತ್ತಕ್ಕನ ಡಬ್ಬಿ. ಅದರೊಳಗಿನ ಅನ್ನ ಹಳಸಿತ್ತು. ಹಳಸುವಷ್ಟು ಹೊತ್ತು ಅದು ಅಲ್ಲಿ ಯಾಕಿತ್ತು?

ನಾನು ಆಗ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕೆಲಸವಿಲ್ಲದೆ ತಿರುಗುತ್ತಿದ್ದೆ. ಭಾವನಿಗೆ ಶಿವಮೊಗ್ಗದಲ್ಲಿ ಹೋಟೆಲು. ಊರಿನಲ್ಲಿ ಗದ್ದೆ ಬದಿಗೆ ಗೂಡು ಕಟ್ಟಿಸಿ, ಒಂದು ಕಂಪನಿಯಿಂದ ಮರಿ ತಂದು ಸಾಕಿ ಅವರಿಗೇ ಕೊಡುವ ಕೆಲಸ ಶುರು ಮಾಡಿದ್ದರು. ಅಕ್ಕನೂ ಶಿವಮೊಗ್ಗದಲ್ಲೇ. "ನೀನು ಸುಮ್ನೆ ಕೂತದ್ದಲ್ದಾ, ಒಂದು ಮಳೆಗಾಲ ಕಂಡ್ಕೋ" ಎಂದು ನನ್ನನ್ನು ಬಿಟ್ಟರು. ಮೇ ಕೊನೆಗೆ ಬಂದೆ. ಹಿಂದಿನ ಕೋಳಿಗಳನ್ನು ಲಾರಿ ಒಯ್ದಿತ್ತು. ನೆಲದಲ್ಲಿ ಉಮಿ ಮತ್ತು ಹಿಕ್ಕೆ ಸೇರಿ ಚಪ್ಪಡಿಯಾಗಿತ್ತು. ಬಾಗಿಲು ತೆರೆದದ್ದೇ ಅಮೋನಿಯಾ ಕಣ್ಣಿಗೆ ಹೊಡೆಯಿತು. ಸೂತ್ರ ಗೊತ್ತಿತ್ತು, ಅದರಿಂದ ಉಪಯೋಗವಾಗಲಿಲ್ಲ. ಟವೆಲಿನಿಂದ ಮೂಗು ಮುಚ್ಚಿ ಹೊರಗೆ ನಿಂತೆ.

"ಹ್ವಾಯ್ ಎಮ್ಮೆಸ್ಸಿಯವ್ರೆ, ಮೂಗ್ ಮುಚ್ಕಂಡ್ ನಿಂತ್ರೆ ಕೋಳಿ ಬಂದ್ ತನ್ ಹೇಲ್ ತಾನೇ ಹೊರತ್ತಾ? ಬನ್ನಿ, ಬುಟ್ಟಿ ಹಿಡ್ಕಣಿ."

ಇದು ಮುತ್ತಕ್ಕ ನನ್ನೊಡನೆ ಆಡಿದ ಮೊದಲ ಮಾತು. ನನ್ನ ಡಿಗ್ರಿಯನ್ನು ಅವರಿಗೆ ಯಾರು ಹೇಳಿದ್ದರೋ ಗೊತ್ತಿಲ್ಲ, ಅಂದಿನಿಂದ ಅದೇ ನನ್ನ ಹೆಸರಾಯಿತು. ಅವರು ಕುಂದಾಪುರದ ಹತ್ತಿರದ ಕೋಡಿಯವರು, ಮೀನು ಮಾರುವವರು. ತಲೆ ಮೇಲೆ ಬುಟ್ಟಿ ಹೊತ್ತು ಭಾವನ ಊರಿಗೆ ಇಪ್ಪತ್ತು ವರ್ಷ ಬಂದವರು. ಯಾವ ಮನೆಯಲ್ಲಿ ಮೀನನ್ನು ಎಲ್ಲರೆದುರೇ ತಿನ್ನುವವರು, ಯಾವ ಮನೆಯಲ್ಲಿ ಕದ್ದು ತಿನ್ನುವವರು ಎಲ್ಲ ಗೊತ್ತು. ಮಳೆಗಾಲದಲ್ಲಿ ದೋಣಿಗಳು ದಡ ಏರಿದ ಮೇಲೆ ಬುಟ್ಟಿಗೆ ಕೆಲಸವಿಲ್ಲ. ಆ ಎರಡು ತಿಂಗಳು ಭಾವನ ಗೂಡು ತೊಳೆಯಲು ಬರುತ್ತಿದ್ದರು. ಬೆಳಿಗ್ಗೆ ಕುಂದಾಪುರದಿಂದ ಬಸ್ಸಿನಲ್ಲಿ ಬಂದು, ಗದ್ದೆಯ ಬದುವಿನಲ್ಲಿ ಒಂದು ಕಾಲು ಎಳೆಯುತ್ತ ನಡೆದು, ಬುತ್ತಿ ಡಬ್ಬಿಯನ್ನು ಮೊಳೆಗೆ ಸಿಕ್ಕಿಸಿ, ಸೀರೆ ಎತ್ತಿ ಕಟ್ಟಿ ಒಳಗೆ ಇಳಿಯುತ್ತಿದ್ದರು. ಕಾಲು ಎಳೆಯುತ್ತಿದ್ದದ್ದು ಮೊಣಗಂಟಿನ ನೋವಿಗೆ. ಕುಂದಾಪುರದ ಡಾಕ್ಟರು ಇನ್ನು ತಲೆಗೆ ಭಾರ ಹೊರಬಾರದು ಎಂದಿದ್ದರಂತೆ. ಭಾವ ಆ ವರ್ಷ ಒಂದು ಮಾತು ಕೊಟ್ಟಿದ್ದರು, ಅದು ನನ್ನ ಎದುರಿಗೇ ಆದದ್ದು: "ಈ ಮಳೆಗಾಲದ ಎರಡು ಮರಿ ಒಳ್ಳೆದಾಗಿ ಎದ್ದು ಬರ್ಲಿ ಮುತ್ತು, ಮತ್ತೆ ವರ್ಷ ಇಡೀ ನೀನೇ ಇರು. ಬುಟ್ಟಿ ಹೊರುದು ಬೇಡ." ಎರಡು ಮರಿ ಎಂದರೆ ಎರಡು ಸರದಿಯ ಮರಿಗಳು. ಜೂನಿನಲ್ಲಿ ಒಂದು, ಆಸಾಡಿಯಲ್ಲಿ ಇನ್ನೊಂದು.

ಚಪ್ಪಡಿಯನ್ನು ಗುದ್ದಲಿಯಿಂದ ಎಬ್ಬಿಸಿ ಬುಟ್ಟಿ ತುಂಬಿ ತೆಂಗಿನ ಬುಡಕ್ಕೆ ಹಾಕಿದೆವು. ಅದು ಸುಲಭದ ಭಾಗ. ಆಮೇಲೆ ಮುತ್ತಕ್ಕ ಕುಕ್ಕರಗಾಲಿನಲ್ಲಿ ಕೂತು, ತೆಂಗಿನ ಗೆರಟೆಯ ಚೂಪಿನಿಂದ ನೆಲದ ಸಿಮೆಂಟಿನ ಬಿರುಕುಗಳನ್ನೆಲ್ಲ ಕೆರೆದರು. "ರೋಗ ಕೂಕಂಬುದ್ ಬಿರ್ಕಂಗೆ. ಗುದ್ದಲಿಗ್ ಬಿರ್ಕ್ ಕಾಂತಿಲ್ಲೆ, ಬೆರಳಿಗ್ ಕಾಂತ್." ಬಲೆಗೆ ಅಂಟಿದ ಗರಿ, ಧೂಳನ್ನು ತೆಂಗಿನ ನಾರಿನ ಕತ್ತದಿಂದ ಉಜ್ಜಿದರು. ನೀರಿನ ಗಿಂಡಿಗಳನ್ನು ಒಂದೊಂದಾಗಿ ತೊಳೆದು ಅಂಗೈಯಿಂದ ಒಳಗೆ ಸವರಿ, ಜಿಡ್ಡು ತಾಗಿದರೆ ಮತ್ತೆ ತೊಳೆದರು. ನೆಲ ಒಣಗಿತೋ ಎಂದು ನೋಡಲು, ಜ್ವರದ ಮಗುವಿನ ಹಣೆ ಮುಟ್ಟುವ ಹಾಗೆ ಕೈಯ ಹಿಂಭಾಗವನ್ನು ನೆಲಕ್ಕೆ ಇಡುತ್ತಿದ್ದರು. ಉಮಿಯನ್ನು ಮುಷ್ಟಿಯಲ್ಲಿ ಹಿಂಡಿ ಬಿಡುತ್ತಿದ್ದರು. ಉಂಡೆ ಕಟ್ಟಿದರೆ ಹಸಿ, ಉದುರಿದರೆ ಸರಿ. ಒಣಮೀನು ನೋಡುವುದೂ ಹೀಗೆಯೇ ಎಂದರು. ನಾನು ನಂಬಲಿಲ್ಲ. ಸ್ವಲ್ಪ ಉಮಿ ತೂಗಿ, ಬಾಣಲೆಯಲ್ಲಿ ಹುರಿದು, ಮತ್ತೆ ತೂಗಿ ತೇವ ಲೆಕ್ಕ ಹಾಕಿದೆ. ನನ್ನ ಲೆಕ್ಕ ಮುಗಿಯುವಾಗ ಅವರು ಅರ್ಧ ಗೂಡು ತೊಳೆದಿದ್ದರು.

"ಎಂತ ಬಂತ್?" ಎಂದು ಕೇಳಿದರು.

"ಹಸಿ ಇತ್ತ್."

"ನಾನ್ ಹೇಳದ್ದ್ ಎಂತ ಮತ್ತೆ? ಉಮಿ ಹುರ್ದದ್ದಲ್ದಾ, ಉಪ್ಪ್ ಹಾಯ್ಕ್ ತಿನ್ನಿ."

ಸುಣ್ಣದ ವಿಷಯಕ್ಕೆ ನಮಗೆ ನಿಜವಾಗಿ ಜಗಳವಾಯಿತು. ಸುಟ್ಟ ಚಿಪ್ಪು ಮೂಟೆಯಲ್ಲಿ ಬರುತ್ತಿತ್ತು. ಅದನ್ನು ಮೂಲೆಯಲ್ಲಿ ರಾಶಿ ಹಾಕಿ ನೀರು ಚಿಮುಕಿಸಿದರೆ ಸೀಳಿ, ಹೊಗೆಯಾಡಿ, ಹಿಟ್ಟಾಗುತ್ತದೆ. ಅದರ ಮೇಲೆ ಗೋಣಿ ಹೊದೆಸಿ ಮುತ್ತಕ್ಕ ಮೂರು ದಿನ ಮುಟ್ಟುತ್ತಿರಲಿಲ್ಲ, ಮುಟ್ಟಗೊಡುತ್ತಿರಲಿಲ್ಲ. ಸುಣ್ಣ ಸಾಯಬೇಕು ಎನ್ನುತ್ತಿದ್ದರು. ನನಗೆ ನಗು ಬಂತು.

"ಅದ್ ಹತ್ತ್ ನಿಮ್ಷದ್ ಕೆಲ್ಸ ಮುತ್ತಕ್ಕ. ಹೊಗೆ ನಿಂತ್ರೆ ಮುಗೀತ್. ಪುಸ್ತಕದಂಗೆ ಇತ್ತ್."

"ಹೊಗೆ ನಿಂತ್ರೆ ಸತ್ತದ್ದ್ ಅಲ್ಲ. ಚಿಪ್ಪಿನ್ ಹೊಟ್ಟಿಯೊಳ್ಗ್ ಜೀವ ಇರತ್ತ್."

"ಪುಸ್ತಕದಂಗೆ ಹಾಂಗ್ ಇಲ್ಲ."

"ಪುಸ್ತಕಕ್ ಕಾಲಿಲ್ಲ ಮಾರ್ರೆ, ಸುಡುದಿಲ್ಲ. ಮರಿಗ್ ಕಾಲ್ ಇತ್ತ್."

ಮೂರನೆಯ ದಿನ ಮೊಣಕೈಯ ಒಳಭಾಗವನ್ನು ಒದ್ದೆ ಮಾಡಿ ಒಂದು ಚಿಟಿಕೆ ಸುಣ್ಣ ಇಟ್ಟುಕೊಂಡರು. ಬಿಸಿಯಾಗಲಿಲ್ಲ. ಆಮೇಲೆ ಗೆರಸೆಯಲ್ಲಿ, ಅಂದರೆ ಮೊರದಲ್ಲಿ ತುಂಬಿ ಗೂಡಿನ ಆ ಮೂಲೆಯಿಂದ ಈ ಮೂಲೆಗೆ ಉದುರಿಸುತ್ತ ಬಂದರು. ಮೊಣಕೈವರೆಗೆ ಬಿಳಿ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಈ ಚಿತ್ರ ನನ್ನಲ್ಲಿ ತುಂಬ ಸ್ಪಷ್ಟ. ಅದು ಜೂನಿನದ್ದೋ ಅಮಾಸಿಯದ್ದೋ ಎಂಬುದೇ ತಕರಾರು.

ಜೂನಿನ ಮರಿಗಳು ಚೆನ್ನಾಗಿಯೇ ಬೆಳೆದವು. ಗಾಳಿಮಳೆಗೆ ಗೋಣಿ ಪರದೆ ಇಳಿಸುವುದು, ಬಿಸಿಲು ಕಂಡರೆ ಏರಿಸುವುದು, ಒದ್ದೆ ಉಮಿಯನ್ನು ಕೈಯಿಂದ ಹೆಕ್ಕಿ ಹೊರಗೆ ಹಾಕುವುದು, ಇದೇ ದಿನವಿಡೀ. ಜುಲೈ ನಡುವಿಗೆ ಲಾರಿ ಬಂದು ಒಯ್ದಿತು. ಮತ್ತೆ ಚಪ್ಪಡಿ, ಮತ್ತೆ ಗೆರಟೆ, ಮತ್ತೆ ಗಿಂಡಿ. ಈ ಸಲ ಮಳೆ ಬಿಡಲೇ ಇಲ್ಲ. ನೆಲ ಒಣಗಲಿಲ್ಲ. ಅಮಾಸಿಯ ಹಿಂದಿನ ದಿನ ಮುತ್ತಕ್ಕ ಸುಣ್ಣಕ್ಕೆ ನೀರು ಚಿಮುಕಿಸಿ ಗೋಣಿ ಹೊದೆಸಿದರು. ಮಧ್ಯಾಹ್ನದ ಮುಂಚೆ ಹತ್ತಿರದ ಮನೆಯಿಂದ ಅವರಿಗೆ ಯಾರೋ ಫೋನಿನ ಸುದ್ದಿ ತಂದರು. ಆ ಕಾಲಕ್ಕೆ ಫೋನು ಇದ್ದದ್ದು ಆ ಮನೆಯಲ್ಲಿ ಮಾತ್ರ. ಕೈ ತೊಳೆದು, "ಒಂಚೂರ್ ಕೆಲ್ಸ ಇತ್ತ್, ಹೋಯಿ ಬತ್ತೆ. ಗೋಣಿ ಎತ್ತುಕಿಲ್ಲ, ಹಾಂ" ಎಂದು ಹೋದರು. ಹೀಗೆ ಹೇಳಿದರೆಂದು ಈಗ ಬರೆಯುತ್ತಿದ್ದೇನೆ. ಕಳೆದ ಹದಿನೈದು ವರ್ಷ ನನ್ನ ಕತೆಯಲ್ಲಿ ಈ ಭಾಗ ಇರಲೇ ಇಲ್ಲ. ನನ್ನ ಕತೆಯಲ್ಲಿ ಅವರು ಮರುದಿನವೂ ಇದ್ದರು.

ಅಮಾಸಿಯ ದಿನ ಬೆಳಿಗ್ಗೆ ಅದೇ ಮನೆಯವರು ಕರೆದು ಹಾಲೆ ಕೆತ್ತೆಯ ಕಷಾಯ ಕುಡಿಸಿದರು. ವರ್ಷಕ್ಕೆ ಆ ಒಂದು ದಿನ ಮಾತ್ರ ಕುಡಿಯುವುದು, ಮಳೆಗಾಲದ ರೋಗ ಬರುವುದಿಲ್ಲವಂತೆ. ಸಾಯಂಕಾಲ ಅವರ ಮನೆ ಫೋನಿಗೆ ಕಂಪನಿಯವರು ಮಾಡಿದರು. ಮರಿಯ ಲಾರಿ ಎರಡು ದಿನ ಬಿಟ್ಟು ಬರುವುದಲ್ಲ, ನಾಳೆ ಬೆಳಿಗ್ಗೆಯೇ ಬರುತ್ತದೆ. ನೆಲಕ್ಕೆ ಸುಣ್ಣವಿಲ್ಲ, ಉಮಿಯಿಲ್ಲ.

ಇಲ್ಲಿಂದ ನನ್ನಲ್ಲಿ ಎರಡು ಚಿತ್ರಗಳಿವೆ. ಒಂದರಲ್ಲಿ ಮುತ್ತಕ್ಕ ಗೆರಸೆ ಹಿಡಿದು ಮೂಲೆಯಿಂದ ಮೂಲೆಗೆ ಬರುತ್ತಾರೆ, ನಾನು ಬಾಗಿಲಲ್ಲಿದ್ದೇನೆ. ಇನ್ನೊಂದು ಕಳೆದ ವರ್ಷ ಆ ವಾಸನೆಯ ಜತೆ ಬಂದದ್ದು. ಅದರಲ್ಲಿ ಯಾರೂ ಕಾಣುವುದಿಲ್ಲ. ಬಾಯಿ ಕಹಿ, ಗಂಟಲಲ್ಲಿ ಸುಣ್ಣದ ಧೂಳು, ಹಂಚಿನ ಮೇಲೆ ಮಳೆಯ ಸದ್ದು, ಗೆರಸೆಯ ಅಂಚು ಒತ್ತಿ ಹೆಬ್ಬೆರಳು ನೋಯುತ್ತದೆ. ನಮ್ಮ ಕಣ್ಣಿಗೆ ನಾವು ಕಾಣುವುದಿಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಎರಡನೆಯದೇ ನಿಜ ಎನಿಸುತ್ತದೆ. ಆದರೆ ನಾನು ಅನುಮಾನದ ಮನುಷ್ಯ. ತಪ್ಪಿತಸ್ಥ ಎನಿಸಿಕೊಳ್ಳಲು ಬಯಸುವ ಮನಸ್ಸೂ ಸುಳ್ಳು ಚಿತ್ರ ಬರೆಯಬಲ್ಲದು.

ಬೆಳಿಗ್ಗೆ ಲಾರಿ ಬಂತು. ಪೆಟ್ಟಿಗೆಗಳಿಂದ ಹಳದಿ ಮರಿಗಳನ್ನು ಸುರಿದೆವು. ಹೊಸ ಮರಿ ಬಂದ ದಿನದ ತಾರೀಕನ್ನು ಡಾಂಬರಿನಲ್ಲಿ ಕಂಬದ ಮೇಲೆ ಬರೆಯುವುದು ನಾನು ಶುರು ಮಾಡಿದ ಕ್ರಮ; ಅದನ್ನೂ ಬರೆದೆ. ಲಾರಿಯವನು ಮೊಳೆಯ ಕಡೆ ಕೈ ಮಾಡಿ, "ಈ ಡಬ್ಬಿಯಂಗೆ ಎಂತ, ಹೆಗ್ಗಣ ಸತ್ತಿತ್ತಾ?" ಎಂದ. ತೆಗೆದು ನೋಡಿದರೆ ಅನ್ನ, ಒಣಮೀನಿನ ಚಟ್ನಿ, ಹಳಸಿ ನೀರು ಬಿಟ್ಟಿತ್ತು. ಹೊರಗೆ ಚೆಲ್ಲಿ ತೊಳೆದು ಮತ್ತೆ ಅಲ್ಲೇ ನೇತುಹಾಕಿದೆ.

ಮೂರನೆಯ ದಿನಕ್ಕೆ ಮರಿಗಳು ಕಣ್ಣು ತೆರೆಯಲಿಲ್ಲ. ನೀರಿನ ಗಿಂಡಿಗಳ ಸುತ್ತ ಉಮಿ ಒದ್ದೆಯಾಗಿತ್ತು. ಅಲ್ಲಿ ನಿಂತ ಮರಿಗಳ ಅಂಗಾಲು ಕೆಂಪಾಗಿ ಬಿರಿದಿತ್ತು. ಮೂಲೆಯಲ್ಲಿ ಒಂದರ ಮೇಲೊಂದು ರಾಶಿಯಾಗಿ ಸತ್ತಿದ್ದವು. ಚಳಿಗೋ, ಅಮೋನಿಯಾಕ್ಕೋ, ತಂದ ಮರಿಯೇ ಕೆಟ್ಟದ್ದೋ ಎಂದು ನಾನು ಕಾರಣಗಳ ಪಟ್ಟಿ ಮಾಡುತ್ತಿದ್ದೆ. ಪಟ್ಟಿಯಲ್ಲಿ ಸುಣ್ಣ ಇತ್ತೋ? ಇರಲಿಲ್ಲ ಎಂದು ತೋರುತ್ತದೆ.

ಆ ದಿನವೇ ಮುತ್ತಕ್ಕ ಬಂದರು. ಮುಖ ನಿದ್ದೆಗೆಟ್ಟ ಹಾಗಿತ್ತು. ಬಾಗಿಲಲ್ಲಿ ಒಂದು ಕ್ಷಣ ನಿಂತರು. ಬಾಗಿ ಉಮಿ ಸರಿಸಿ ಅಡಿಯ ಬಿಳಿಯನ್ನು ಎತ್ತಿದರು. ಬೇಳೆಯಷ್ಟು ದೊಡ್ಡ ಒಂದು ಚಿಪ್ಪಿನ ಚೂರು, ಇನ್ನೂ ಗಟ್ಟಿ. ಮೊಣಕೈಯ ಒಳಗೆ ಉಗುಳು ಹಚ್ಚಿ ಅದನ್ನು ಇಟ್ಟುಕೊಂಡರು. ಇಟ್ಟದ್ದೇ ಕೈ ಕೊಡವಿದರು.

"ಸಾಯ್ಲಿಲ್ಲ ಇದ್" ಎಂದರು. ನನ್ನನ್ನು ನೋಡಿದರೋ? ನೋಡಿರಬೇಕು. ಯಾವ ಮುಖದಿಂದ ಎಂಬುದು ನನಗೆ ಸಿಗುತ್ತಿಲ್ಲ.

ಆಮೇಲಿನದು ಒಂದಿಡೀ ದಿನದ ಕೆಲಸ, ಅದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ, ಯಾಕೆಂದರೆ ಬೆರಳುಗಳ ಚರ್ಮ ಹದಿನೈದು ದಿನ ಸುಲಿದಿತ್ತು. ಮರಿ ಇರುವಾಗ ಗುದ್ದಲಿ ಆಗುವುದಿಲ್ಲ, ಹಿಡಿಸೂಡಿ ಪೊರಕೆಯೂ ಆಗುವುದಿಲ್ಲ. ಗೂಡಿನ ನಡುವೆ ಗೋಣಿ ಅಡ್ಡ ಕಟ್ಟಿ ಮರಿಗಳನ್ನೆಲ್ಲ ಒಂದು ಬದಿಗೆ ಓಡಿಸಿ, ಇನ್ನೊಂದು ಬದಿಯ ಉಮಿಯನ್ನೂ ಸುಣ್ಣವನ್ನೂ ಅಂಗೈಯಿಂದ ಗೋರಿ ಬುಟ್ಟಿಗೆ ತುಂಬಿದೆವು. ನೆಲವನ್ನು ಒದ್ದೆ ಬಟ್ಟೆಯಿಂದ ಮೂರು ಸಲ ಒರೆಸಿ, ಒಣಬಟ್ಟೆಯಿಂದ ಒತ್ತಿ, ಹೊಸ ಉಮಿ ಹಾಕಿದೆವು. ಮತ್ತೆ ಮರಿಗಳನ್ನು ಈ ಬದಿಗೆ ತಂದು ಆ ಬದಿ. ಮುತ್ತಕ್ಕ ಮೊಣಗಂಟಿಗೆ ಗೋಣಿ ಕಟ್ಟಿಕೊಂಡು ಅಂಬೆಗಾಲಿನಲ್ಲಿ ಗೂಡಿನ ಉದ್ದಕ್ಕೂ ಹೋದರು. ಪ್ರತಿ ಮರಿಯ ಕಣ್ಣನ್ನು ಹತ್ತಿಯಿಂದ ಒರೆಸಿ, ಕಾಲಿಗೆ ತೆಂಗಿನೆಣ್ಣೆ ಹಚ್ಚಿ ಬಿಟ್ಟರು.

"ಒಂದ್ ಸಲ ಕೈ ನೀರಂಗ್ ಅದ್ದಿ, ಎಮ್ಮೆಸ್ಸಿಯವ್ರೆ. ನಿಮ್ ಕೈಯೂ ಸುಟ್ಟ್ ಹೋತ್" ಎಂದರು ನಡುವೆ. ಬೈಯಲಿಲ್ಲ. ಯಾರು ಹಾಕಿದ್ದು ಎಂದು ಕೇಳಲಿಲ್ಲ. ಕೇಳದಿದ್ದದ್ದು ಗೊತ್ತಿದ್ದುದರಿಂದಲೋ, ಕೇಳಬೇಕಾದ್ದೇ ಇರಲಿಲ್ಲವೋ?

ಸುಮಾರು ಅರ್ಧ ಉಳಿದವು. ಅರ್ಧಕ್ಕಿಂತ ಹೆಚ್ಚು ಎಂದು ಮುತ್ತಕ್ಕ, ಕಡಿಮೆ ಎಂದು ಭಾವ.

ಭಾವ ಬಂದದ್ದು ಎರಡು ದಿನ ಬಿಟ್ಟು. ಕಂಪನಿಯ ಡಾಕ್ಟರೂ ಬಂದಿದ್ದರು, ಸತ್ತ ಮರಿಯ ಕಾಲು ನೋಡಿ ಸುಣ್ಣ ಎಂದಿದ್ದರು. ಇನ್ನು ಮರಿ ಕೊಡುವುದು ಬಿಡುವುದು ಯೋಚನೆ ಮಾಡಬೇಕು ಎಂದೂ ಹೇಳಿ ಹೋಗಿದ್ದರು. ಭಾವ ಅಂಗಳದಲ್ಲಿ ಕೊಡೆ ಹಿಡಿದು ನಿಂತು ನನ್ನ ಹತ್ತಿರ ಕೇಳಿದರು: "ಸುಣ್ಣ ಹಾಕುದ್ ಯಾರ್?"

ನನ್ನ ಉತ್ತರ ಅಕ್ಷರ ಅಕ್ಷರ ನೆನಪಿದೆ. "ಯಾವಾಗ್ಲೂ ಮುತ್ತಕ್ಕನೇ ಹಾಕುದ್."

ಇದು ಸುಳ್ಳಲ್ಲ. ಅವರು ಕೇಳಿದ್ದು "ಹಾಕುದ್ ಯಾರ್" ಎಂದು, ನಾನು ಹೇಳಿದ್ದು ವಾಡಿಕೆ. ಎಷ್ಟು ಸಲ ಈ ವಾಕ್ಯವನ್ನು ಹೀಗೆ ಕತ್ತರಿಸಿ ನೋಡಿದ್ದೇನೋ.

ಭಾವ ಮುತ್ತಕ್ಕನ ಕಡೆ ತಿರುಗಿದರು. "ಇಷ್ಟ್ ವರ್ಷ ಸುಣ್ಣ ಕಂಡವ್ಳ್, ನಿಂಗ್ ಗೊತ್ತಾಯ್ಲಿಲ್ಯಾ?"

ಮುತ್ತಕ್ಕ ಗೂಡಿನ ಸೂರಿನಡಿ ನಿಂತಿದ್ದರು. ಹಿಂದೆ ನಾಗಬನ. ಅತ್ತ ಒಮ್ಮೆ ತಿರುಗಿ ನೋಡಿದರು. ಆಮೇಲೆ, "ಸುಣ್ಣ ನಂದೇ ಒಡೆಯಾ" ಎಂದರು. ಇಷ್ಟೇ. ಬುತ್ತಿ ಡಬ್ಬಿ ತೆಗೆದುಕೊಂಡು ಬದುವಿನಲ್ಲಿ ನಡೆದು ಹೋದರು. ದೋಣಿ ಇಳಿದ ಮೇಲೆ ಮತ್ತೆ ಬುಟ್ಟಿ ಹೊತ್ತು ಬರುತ್ತಿದ್ದರಂತೆ, ಬೇರೆ ಊರಿಗೆ. ಭಾವನ ಊರಿಗೆ ಬರಲಿಲ್ಲ.

ಅವರು ಅಲ್ಲಗಳೆಯಲಿಲ್ಲವಲ್ಲ, ಅದೇ ನನ್ನ ಸಾಕ್ಷಿಯಾಯಿತು. ತಾನು ಮಾಡದ್ದನ್ನು ಯಾರಾದರೂ ಒಪ್ಪುತ್ತಾರೆಯೇ? ಮರುವರ್ಷ ನನಗೆ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಸುಣ್ಣದ ಪಾಠ ಬಂದಾಗಲೆಲ್ಲ ಈ ಕತೆ ಹೇಳಿದೆ: ನೋಡಿ, ಕೆಲಸದ ಹೆಂಗಸೊಬ್ಬರು ಪೂರ್ತಿ ಅರಳದ ಸುಣ್ಣ ಹಾಕಿದರು, ಹೀಗಾಯಿತು. ಮಕ್ಕಳು "ಪಾಪ" ಎನ್ನುತ್ತಿದ್ದರು. ಹೇಳಿದಂತೆಲ್ಲ ಮುತ್ತಕ್ಕನ ಕೈಯ ಬಿಳಿ ಇನ್ನಷ್ಟು ಬಿಳಿಯಾಯಿತು. ಮೂರು ದಿನ ಕಾಯಬೇಕು ಎಂದವರೂ ಅವರೇ ಎಂಬುದನ್ನು ಕತೆಯಿಂದ ಯಾವಾಗ ಬಿಟ್ಟೆನೋ ಗೊತ್ತಿಲ್ಲ.

ಮೊಳೆ ಕಂಡ ಮರುದಿನ ಹುಡುಕಿಕೊಂಡು ಹೊರಟೆ. ಕೋಡಿಯಲ್ಲಿ ವಿಚಾರಿಸಿದರೆ, ಉಪ್ಪುಂದದಲ್ಲಿ ಮಗಳು ಸುಜಾತಳ ಮನೆಯಲ್ಲಿದ್ದಾರೆ ಎಂದರು. ಮುತ್ತಕ್ಕ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಎದ್ದು ನಿಲ್ಲಲು ಆಗುವುದಿಲ್ಲ. ನನ್ನನ್ನು ಎರಡು ನಿಮಿಷ ನೋಡಿದರು.

"ಎಮ್ಮೆಸ್ಸಿಯವ್ರ್ ಅಲ್ದಾ! ತಲೆ ಕೂದ್ಲ್ ಎಲ್ ಹೋಯ್ತ್ ಮಾರ್ರೆ?"

"ಪಾಠ ಹೇಳಿ ಹೇಳಿ ಉದ್ರಿ ಹೋಯ್ತ್."

"ಕೇಳದ್ ಮಕ್ಳದ್ದೂ ಉದ್ರಿರ್ಕ್." ನಕ್ಕರು. ಮತ್ತೆ ನಗು ನಿಂತಿತು. "ಆ ಮರಿಗಳ್ ಕಣ್ಣ್ ಸುಟ್ಟದ್ದ್ ನಾನ್. ಇವತ್ತಿಗೂ ಕಣ್ಣ್ ಮುಚ್ರೆ ಕಾಂತ್."

ನಾನು ಬಂದದ್ದು ಬೇರೆ ಮಾತಿಗೆ. "ನೀವೇ ಹಾಕದ್ದಾ ಮುತ್ತಕ್ಕ? ಸರಿ ನೆನ್ಪಿತ್ತಾ?"

"ನೆನ್ಪಿಲ್ದೆ? ಗೆರ್ಸಿ ಹಿಡ್ಕಂಡ್ ಆ ಮೂಲಿಂದ ಈ ಮೂಲಿಗ್. ನೀವ್ ಬಾಗ್ಲಂಗ್ ನಿಂತ್ ಕಾಂತಿದ್ರಿ."

ನನ್ನ ಮೊದಲನೆಯ ಚಿತ್ರವೇ, ಆ ಬದಿಯಿಂದ ನೋಡಿದ್ದು. ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳುತ್ತಿದ್ದಾರೆ. ಕೋರ್ಟಿನಲ್ಲಾದರೆ ಅಲ್ಲಿಗೆ ಮುಗಿಯಿತು. ಸಮಾಧಾನವಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಅರ್ಧ ನಿಮಿಷ ಆಯಿತು.

ಚಾ ತಂದ ಸುಜಾತ ಬಾಗಿಲಲ್ಲೇ ನಿಂತಳು. "ಅಮ್ಮ, ಎಂತ ಹೇಳ್ತೆ ನೀನ್? ಆ ಅಮಾಸಿಗ್ ನೀ ನನ್ ಒಟ್ಟಿಗ್ ಕುಂದಾಪ್ರದ್ ಆಸ್ಪತ್ರೆಯಂಗ್ ಇದ್ದದ್ದಲ್ದಾ? ಪೂರ್ಣಿಮ ಹುಟ್ಟದ್ದ್."

"ಅದ್ ಬೇರೆ ವರ್ಷ."

"ಬೇರೆ ವರ್ಷ ಎಂತದ್? ಅಮಾಸಿಗ್ ಹುಟ್ಟದ್ದ್, ಹೆಸ್ರಾರೂ ಹುಣ್ಮಿದ್ದ್ ಇಡುವ ಅಂದದ್ದೇ ನೀನ್."

"ಇರತ್ತ್. ಸುಣ್ಣ ಹಾಕದ್ದೂ ನಾನೇ."

ಒಳಗಿನಿಂದ ಪೂರ್ಣಿಮ ಬಂದಳು. ಆ ವರ್ಷ ಹತ್ತನೇ ಪಾಸಾದ ಹುಡುಗಿ. ಅಂಕಪಟ್ಟಿ ತೋರಿಸಲು ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದಳು. ನಾನು ಅಂಕ ನೋಡಲಿಲ್ಲ, ಹುಟ್ಟಿದ ತಾರೀಕು ನೋಡಿ ಚೀಟಿಯಲ್ಲಿ ಬರೆದುಕೊಂಡೆ. "ವಿಜ್ಞಾನದಂಗೆ ತೊಂಬತ್ತ್ ಇತ್ತ್, ಅದ್ ಕಾಣಿ" ಎಂದಳು ಬೇಸರದಿಂದ.

ಬಸ್ಸಿನ ರಸ್ತೆಯವರೆಗೆ ಸುಜಾತ ಬಂದಳು. ನಾನು ಕೇಳಿದೆ: ಆಸ್ಪತ್ರೆಯಲ್ಲಿದ್ದರೆ ಆ ದಿನ ಭಾವನ ಎದುರು ಯಾಕೆ ಹೇಳಲಿಲ್ಲ?

"ಹೇಳುಕ್ ಆಪುದ್ ಹ್ಯಾಂಗೆ? ಅಮೆ ಅಲ್ದಾ." ಮನೆಯಲ್ಲಿ ಮಗು ಹುಟ್ಟಿದರೆ ಹತ್ತು ದಿನದ ಮೈಲಿಗೆ, ಅದು ಅಮೆ. ಇವರಲ್ಲಿ ಬಳಿ, ಅಂದರೆ ಕುಲ, ತಾಯಿಯ ಕಡೆಯಿಂದ, ಮಗಳು ಹೆತ್ತರೆ ತಾಯಿಗೂ ಅಮೆ. ಆ ಹತ್ತು ದಿನ ನಾಗನ ಬನದ ಹತ್ತಿರ ಸುಳಿಯುವಂತಿಲ್ಲ. ಗೂಡಿಗೆ ಹೋಗುವ ದಾರಿ ಬನದ ಕಟ್ಟೆಯನ್ನು ಸವರಿಕೊಂಡೇ ಹೋಗುತ್ತದೆ. "ಹತ್ತ್ ದಿನ ಬಿಟ್ರೆ ಕೆಲ್ಸ ಹೋತ್ ಅಂದೇಳಿ ನಾಕ್ನೇ ದಿನ ಬಂದದ್ದ್ ಅಮ್ಮ. ಆಸ್ಪತ್ರೆಯಂಗ್ ಇದ್ದಿದ್ದೆ ಅಂದ್ರೆ ಅಮೆ ಒಟ್ಟಿಗೇ ಹೊರ್ಗ್ ಬತ್ತ್. ಕೆಲ್ಸ ಹೋದ್ ದಿನ ಮನಿಗ್ ಬಂದ್ ಹೇಳದ್ದ್ ನಂಗ್ ನೆನ್ಪಿತ್ತ್: ಸುಣ್ಣದ್ ತಪ್ಪ್ ತೊಳುದ್ರೆ ಹೋತ್, ನಾಗನ್ ತಪ್ಪ್ ಹೋಪುದಲ್ಲ."

ಹಾಗಾದರೆ ಆ ದಿನ ಅವರಿಗೆ ಗೊತ್ತಿತ್ತು. ಆಮೇಲೆ ಯಾವಾಗ ಮರೆತರು? ನಾನು ಮರೆತ ಹಾಗೆಯೇ, ಹೇಳಿ ಹೇಳಿ? ಕೇಳಿದವರಿಗೆಲ್ಲ "ಸುಣ್ಣ ನಂದೇ" ಎನ್ನುತ್ತ, ಜೂನಿನ ಗೆರಸೆಯನ್ನು ಅಮಾಸಿಗೆ ತಂದಿಟ್ಟುಕೊಂಡರೇ? ಬಸ್ಸಿನಲ್ಲಿ ಇದೇ ಯೋಚನೆ. ಸುಜಾತಳ ನೆನಪನ್ನಾದರೂ ಯಾಕೆ ನಂಬಬೇಕು? ತಾಯಿಯ ಪರವಾಗಿ ಹೇಳುತ್ತಿರಬಹುದು. ವರ್ಷ ತಪ್ಪಿರಬಹುದು. ನನಗೆ ಬೇಕಾದ್ದು ಯಾರ ತಲೆಯಲ್ಲೂ ಇಲ್ಲದ ಒಂದು ಸಾಕ್ಷಿ.

ಕಂಬ ಇದ್ದದ್ದು ಕುರ್ಚಿಗಳ ಹಿಂದೆ. ಭಾವನಿಗೆ ಎಪ್ಪತ್ತು ದಾಟಿದೆ. "ಹಳೆ ಕಂಬದಂಗೆ ಎಂತ ಕಾಂಬುದ್ ನಿಂಗೆ?" ಎಂದು ಗೊಣಗುತ್ತಲೇ ಬೀಗ ತೆಗೆದುಕೊಟ್ಟರು. ಒಂದು ಬೆಳಗಿನ ಹೊತ್ತು ಕುರ್ಚಿ ಎತ್ತಿ ಹೊರಗಿಟ್ಟೆ. ಡಾಂಬರು ಸುಣ್ಣದ ಹಾಗಲ್ಲ, ಹೋಗುವುದಿಲ್ಲ. ಎರಡು ತಾರೀಕು ಒಂದರ ಕೆಳಗೊಂದು, ನನ್ನದೇ ಓರೆ ಅಂಕಿಗಳು. ಚೀಟಿ ತೆಗೆದು ಕೆಳಗಿನದರ ಪಕ್ಕ ಹಿಡಿದೆ. ಭಾವ ಬಾಗಿಲಲ್ಲಿದ್ದರು. ಆ ಸುಣ್ಣ ಮುತ್ತಕ್ಕನದ್ದಲ್ಲ ಎಂದು ಅವರಿಗೆ ಹೇಳಿದೆ. ಅವರು ಕಂಬ ನೋಡಿ, "ನಾನ್ ಕೇಳದಾಗ ನೀನ್ ಹಾಂಗ್ ಹೇಳ್ಲಿಲ್ಲ ಅಲ್ದಾ" ಎಂದರು. ಅಮೆಯ ವಿಷಯ ನಾನು ಹೇಳಲಿಲ್ಲ. ಅದು ನನ್ನದಲ್ಲ.

ಉಪ್ಪುಂದಕ್ಕೆ ಫೋನು ಮಾಡಿದೆ. ಸುಜಾತ ಕಿವಿಗೆ ಹಿಡಿದಿರಬೇಕು, ಮುತ್ತಕ್ಕನ ಉಸಿರು ಕೇಳುತ್ತಿತ್ತು.

"ನೀವ್ ಆ ದಿನ ಗೂಡಂಗ್ ಇರ್ಲಿಲ್ಲ ಮುತ್ತಕ್ಕ. ಕಂಬದಂಗೆ ಬರ್ದದ್ದ್ ಇತ್ತ್."

"ಹೌದಾ? ಹಾಂಗಾರೆ ಆ ಸುಣ್ಣ ಯಾರ್ ಹಾಕದ್ದ್?"

"ನಾನ್."

"ಗೋಣಿ ಎತ್ತುಕಿಲ್ಲ ಅಂದೇಳಿ ಹೇಳಿದ್ನಲ್ದಾ ನಿಮ್ಗ್?"

"ಹೇಳಿದ್ರಿ" ಎಂದೆ.

ಅದು ನನಗೆ ನಿಜಕ್ಕೂ ನೆನಪಿತ್ತೋ, ಅವರು ಕೇಳಿದರೆಂದು ಒಪ್ಪಿದೆನೋ, ಈಗಲೂ ಹೇಳಲಾರೆ. ಅವರು ನಂಬಿದರೋ ಇಲ್ಲವೋ ಎಂಬುದೂ ಗೊತ್ತಿಲ್ಲ. ಮುಂದಿನ ಸಲ ಫೋನು ಮಾಡಿದಾಗ ಮತ್ತೆ "ನಾನ್ ಸುಟ್ಟ್ ಮರಿ" ಎಂದರೂ ಎನ್ನಬಹುದು. ಅದಕ್ಕೇ ಚೀಟಿಯನ್ನು ಎಸೆಯದೆ ಇಟ್ಟುಕೊಂಡಿದ್ದೇನೆ, ಕಂಬದ ಫೋಟೋವನ್ನೂ. ಫೋಟೋದಲ್ಲಿ ಮರಿಗಳು ಬಂದ ತಾರೀಕು, ಚೀಟಿಯಲ್ಲಿ ಪೂರ್ಣಿಮ ಹುಟ್ಟಿದ ತಾರೀಕು. ಇಸವಿ ಒಂದೇ, ತಿಂಗಳು ಒಂದೇ. ಮಗು ಮೊದಲ ದಿನ, ಮರಿಗಳು ಮರುದಿನ.